ದೀಪ ಬದಲಿಸೋಣು, ಹೊತ್ತು ಬದಲಿಸೂದು ಬ್ಯಾಡ

ಈ ಸಲ ಚಟ್ನಿಪುಡಿ, ಉಪ್ಪಿನಕಾಯಿ ಬಿಟ್ಟು ಹುಲ್ಲಿನ ಗಾಡಿ ದೀಪದ ಬಗ್ಗೆ ಬರೀಲಿಕ್ಕೆ ಕೂತೀನಿ. ಹುಬ್ಬಳ್ಳಿ ಮೌಶಿ ಓದಿದ ಕೂಡ್ಲೆ "ಅದು ಗಂಡಸರ ಮಾತು ಬಿಡವಾ" ಅಂತಾರ, ಗೊತ್ತದ. ಮನಿ ಅಂಗಳದ ಮಾತು ಹೆಂಗಸರದ್ದಲ್ಲಂದ್ರ ಮತ್ತ ಯಾರದು? ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ, ಕಾರಣ ಆಮ್ಯಾಲೆ. ಹುಲ್ಲಿನ ಗಾಡಿಗೆ ಎಲ್‌ಇಡಿ ದೀಪ ಹಾಕೂದು ಛಲೋ ಕೆಲಸ. ನಮ್ಮ ಕೈಲೆ ನಾವ ಮಾಡಬಹುದಾದ ಕೆಲಸ. ಆದ್ರ ದೀಪ ಛಂದ ಆತು ಅಂತ ಹೇಳಿ ಕತ್ತಲಾಗ ಹುಲ್ಲು ಕತ್ತರಸ್ಲಿಕ್ಕೆ ಹೋಗೂದು ಮಾತ್ರ ಬ್ಯಾಡ.

ಊರಾಗ ಕೂತು ಓದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಲ್ಲೆ ಓಹಾಯೋದಾಗ ಪ್ಯಾಟಿ ಬಿಟ್ಟು ಹೊರಗಿರೋ ಮನಿಗಳಿಗೆ ಒಂದು, ಒಂದೂವರಿ ಎಕರೆ ಹುಲ್ಲಿನ ಅಂಗಳ ಇರೂದು ಸಾಮಾನ್ಯ. ಅಷ್ಟು ಜಾಗಾ ಕೈಲೆ ನೂಕೂ ಮಷೀನಿನಿಂದ ಆಗೂದಿಲ್ಲ. ಅದಕ್ಕ ರೈಡಿಂಗ್ ಮೋವರ್ ಅಂತ ಇರ್ತದ. ನೋಡ್ಲಿಕ್ಕೆ ಸಣ್ಣ ಟ್ರ್ಯಾಕ್ಟರ್. ಮ್ಯಾಲೆ ಕೂತು ಓಡಸೂದು, ಕೂತವರ ಕೆಳಗ ದೊಡ್ಡ ತಟ್ಟಿಯಂಥ ಡೆಕ್ಕು, ಅದರೊಳಗ ತಿರಗೂ ಬ್ಲೇಡು. ನಮ್ಮದು 42 ಇಂಚು ಅಗಲದ್ದು. ಏಪ್ರಿಲ್‌ದಾಗ ಶುರು ಆದ್ರ ಅಕ್ಟೋಬರ್ ಮುಗಿಯೂ ತನಕ ಬಿಡುವಿಲ್ಲ. ಮೇ ತಿಂಗಳ ಮಳಿ ಬಿದ್ದ ಮ್ಯಾಲೆ ಒಂದು ವಾರ ಬಿಟ್ರ ಹುಲ್ಲು ಮೊಳಕಾಲು ಹುಡುಕ್ತದ. ಭಾಳ ಊರುಗಳಾಗ ಹುಲ್ಲು ಇಷ್ಟಕ್ಕಿಂತ ಎತ್ತರ ಬೆಳೀಬಾರದು ಅಂತ ಕಾಯ್ದೆನ ಅದ, ಬಿಟ್ರ ನೋಟೀಸು ಬರ್ತದ.

ಈಗ ಹೊತ್ತಿನ ಲೆಕ್ಕ ನೋಡ್ರಿ. ನೌಕರಿ ಮುಗಿಸಿ ಮನಿಗೆ ಬಂದು, ಚಹಾ ಕುಡದು, ಹುಡುಗ್ರ ಡಬ್ಬಿ ತೊಳದು ಹೊರಗ ಬರೂದ್ರಾಗ ಆರೂವರಿ. ಜೂನ್‌ದಾಗ ಏನೂ ತ್ರಾಸಿಲ್ಲ, ಇಲ್ಲೆ ಒಂಬತ್ತರ ತನಕ ಹೊತ್ತು ಮುಳಗೂದಿಲ್ಲ. ಅಕ್ಟೋಬರ್ ನಡುವಿಗೆ ಏಳು ಹೊಡಿಯೂದ್ರೊಳಗ ಸೂರ್ಯ ಹೋಗಿಬಿಡ್ತಾನ. ಮ್ಯಾಪಲ್ ಗಿಡದ ಕೆಳಗಂತೂ ಅದಕ್ಕಿಂತ ಅರ್ಧಾ ತಾಸು ಮೊದಲ ಕತ್ತಲಿ. ಗಾಡಿ ಮುಂದಿನ ಎರಡು ಹಳದಿ ದೀಪ ದೇವರ ಮನಿ ನಂದಾದೀಪದಂಗ ಇರ್ತಾವ. ಉರಿಯೂದು ಕಾಣ್ತದ, ಅದರಿಂದ ಮುಂದಿನ ಕಲ್ಲು ಕಾಣೂದಿಲ್ಲ.

ಈ ಹಳೇ ದೀಪದ ಬಗ್ಗೆ ಎರಡು ಮಾತು. ಭಾಳ ಗಾಡಿಗಳಿಗೆ 1156 ಅನ್ನೂ ನಂಬರಿನ ಬಲ್ಬು ಇರ್ತದ, ಹಳೇ ಕಾರಿನ ಹಿಂದಿನ ದೀಪಕ್ಕ ಹಾಕತಿದ್ದದ್ದ ಇದು. ಒಂದೊಂದೂ ಹತ್ರ ಹತ್ರ 27 ವ್ಯಾಟ್ ತಿಂತದ, ಕೊಡೂ ಬೆಳಕು ಸುಮಾರು 400 ಲ್ಯೂಮೆನ್. ಒಳಗ ಕೂದಲೆಳಿಯಂಥ ತಂತಿ ಕಾದು ಕೆಂಪಾಗಿ ಬೆಳಕು ಕೊಡ್ತದ. ಅದ್ರಾಗ ಹೆಚ್ಚಿನ ಪಾಲು ಬಿಸಿ ಆಗಿ ಹೋಗ್ತದ. ಮ್ಯಾಲೆ ಈ ಗಾಡಿಗಳ ನಡುಕ. ಒಂದ ಸಿಲಿಂಡರಿನ ಎಂಜಿನ್ ಇದ್ರಂತೂ ಹಲ್ಲು ಕಟಕಟ ಅಂತಾವ. ಆ ತಂತಿ ಎಷ್ಟು ದಿನ ತಡಕೊಂಡೀತು? ಎಲ್‌ಇಡಿಯೊಳಗ ತಂತಿ ಇಲ್ಲ, ಕಡೀಲಿಕ್ಕೆ ಏನೂ ಇಲ್ಲ. ಐದಾರು ವ್ಯಾಟಿನೊಳಗ ಹಳೇದಕ್ಕಿಂತ ಹೆಚ್ಚು ಬೆಳಕು ಬರ್ತದ.

ಆದ್ರ ಕರೆಂಟ್ ಉಳೀತದ ಅಂತ ಮಾತ್ರ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ. ಊರಾಗ ನಾವೆಲ್ಲಾ ಎಲ್‌ಇಡಿ ಕಂಡದ್ದು ಉಳಿತಾಯದ ಹೆಸರಿನಿಂದ. ಕರೆಂಟ್ ಬಿಲ್ ತೋರಿಸಿ "ಹೊಸ ಬೆಳಕು" ಯೋಜನಾದ 9 ವ್ಯಾಟಿನ ಬಲ್ಬು ತಂದದ್ದು ನಿಮಗ ನೆನಪಿರಬಹುದು. ಮನಿಯೊಳಗ ಆ ಲೆಕ್ಕ ಖರೇನ ಅದ. 60 ವ್ಯಾಟಿನ ಬಲ್ಬು ತಗದು 9 ವ್ಯಾಟಿಂದು ಹಾಕಿ ದಿನಾ ಐದು ತಾಸು ಉರಿಸಿದ್ರ ವರ್ಷಕ್ಕ 93 ಯುನಿಟ್ ಉಳೀತದ, ಅದೂ ಒಂದ ಬಲ್ಬಿಗೆ. ಹುಲ್ಲಿನ ಗಾಡಿ ವರ್ಷಕ್ಕ ಮೂವತ್ತು ತಾಸು ಓಡಿ, ಅಷ್ಟೂ ಹೊತ್ತು ಎರಡೂ ದೀಪ ಹಚ್ಚಿದ್ರ ಸೈತ ಎರಡು ಯುನಿಟ್ ಆಗೂದಿಲ್ಲ. ಇದು ರೊಕ್ಕ ಉಳಸೂ ಕೆಲಸ ಅಲ್ಲ, ಕಣ್ಣಿಗೆ ಕಾಣೂ ಕೆಲಸ. ಹಗಲಿ ಹೊತ್ತಿನ್ಯಾಗ ಅಷ್ಟ ಹುಲ್ಲು ಕತ್ತರಸೂ ಮನಿಯವರು ಹಳೇ ಬಲ್ಬ ಇಟ್ಟುಕೊಂಡು ಆರಾಮ ಇರ್ರಿ. ನನ್ನಂಗ ಸಂಜೀ ಮುಂದ ಗಾಡಿ ಹತ್ತೋರಿಗೆ ಈ ಮಾತು.

ಕೊಳ್ಳೂದಕ್ಕಿಂತ ಮೊದಲ ಒಂದು ಪರೀಕ್ಷಾ ಮಾಡ್ರಿ, ಭಾಳ ಮಂದಿ ಇಲ್ಲೇ ರೊಕ್ಕ ಕಳಕೋತಾರ. ಕೀಲಿ ತಿರುವಿ, ಎಂಜಿನ್ ಚಾಲೂ ಮಾಡದ, ದೀಪದ ಬಟನ್ ಒತ್ತಿ ನೋಡ್ರಿ. ದೀಪ ಹತ್ತಿದ್ರ ಅದು ಬ್ಯಾಟರಿಯಿಂದ ಬರೂ ಡಿ.ಸಿ. ಕರೆಂಟು, ಸಾದಾ 12 ವೋಲ್ಟಿನ ಎಲ್‌ಇಡಿ ನಡೀತದ. ಎಂಜಿನ್ ಓಡುಮುಂದ ಅಷ್ಟ ಹತ್ತಿ, ವೇಗ ಹೆಚ್ಚು ಮಾಡಿದ್ರ ದೀಪಾನೂ ಹೆಚ್ಚು ಬೆಳಗಿದ್ರ, ಅದು ಎ.ಸಿ. ಇರಬಹುದು. ಖೋಲಿ ಥಣ್ಣಗ ಮಾಡೂ ಎ.ಸಿ. ಅಲ್ಲರೀ, ಹಿಂದ ಮುಂದ ಹರಿಯೂ ಕರೆಂಟು. ಕೆಲವು ಎಂಜಿನ್‌ಗಳಾಗ ಬ್ಯಾಟರಿ ತುಂಬ್ಲಿಕ್ಕೆ ಒಂದು ತಂತಿ, ದೀಪಕ್ಕಂತನ ಇನ್ನೊಂದು ತಂತಿ, ಹಂಗ ಬ್ಯಾರೆ ಬ್ಯಾರೆ ಮಾಡಿರ್ತಾರ. ದೀಪದ ತಂತಿಗೆ ಎ.ಸಿ. ನೆಟ್ಟಗ ಬರ್ತದ. ಹಳೇ ಬಲ್ಬಿಗೆ ಅದೂ ಒಂದ, ಇದೂ ಒಂದ. ಎಲ್‌ಇಡಿ ಮಾತ್ರ ಕರೆಂಟು ಒಂದ ದಿಕ್ಕಿನಿಂದ ಬಂದ್ರ ಉರೀತದ. ಎ.ಸಿ.ಗೆ ಹಾಕಿದ್ರ ಮಿಣಮಿಣ ಅಂತದ, ಲಗೂ ಸುಟ್ಟೂ ಹೋಗಬಹುದು. ಅಂಥಾ ಗಾಡಿ ಇದ್ದವರು ಎ.ಸಿ., ಡಿ.ಸಿ. ಎರಡಕ್ಕೂ ನಡೀತದ ಅಂತ ಬರದ ಬಲ್ಬು ನೋಡಿ ತಗೋರಿ, ಇಲ್ಲಂದ್ರ ನಡುವ ರೆಕ್ಟಿಫೈಯರ್ ಅನ್ನೂ ಸಣ್ಣ ತುಂಡು ಕೂಡಸ್ರಿ. ಸಂಶಯ ಇದ್ರ ಗಾಡಿಯ ಪುಸ್ತಕ ತಗದು ಓದ್ರಿ. ಮಿಕ್ಸರ್ ಪುಸ್ತಕ ಓದೋ ನಮಗ ಅದೇನೂ ಕಠಿಣ ಅಲ್ಲ.

ಇನ್ನ ಹಾಕೂ ರೀತಿ. ಎಂಜಿನ್ ಬಂದ್ ಮಾಡಿ, ಕೀಲಿ ತಗದು ಕಿಸೆದಾಗ ಇಟ್ಟುಕೊಂಡು, ಎಂಜಿನ್ ಆರಿದ ಮ್ಯಾಲೆ ಮುಂದಿನ ಮುಚ್ಚಳಾ ಎತ್ತರಿ. ದೀಪದ ಹಿಂದಿನಿಂದ ಹೋಲ್ಡರ್ ಸ್ವಲ್ಪ ತಿರುವಿದ್ರ ಕೈಗೆ ಬರ್ತದ. ಬಲ್ಬು ಒತ್ತಿ, ತಿರುವಿ, ಬಿಡಸೂದು. ಇಲ್ಲೆ ಹುಟ್ಟಿ ಬೆಳದವರಿಗೆ ಈ ಒತ್ತಿ ತಿರುವೂದು ಸ್ವಲ್ಪ ಹೊಸಾದು, ಯಾಕಂದ್ರ ಇವರ ಮನಿ ಬಲ್ಬು ಎಲ್ಲಾ ಸ್ಕ್ರೂ ತಿರುವಿದಂಗ ತಿರುವೂವು. ನಮಗ? ಸ್ಟೂಲಿನ ಮ್ಯಾಲೆ ನಿಂತು ಎರಡು ಪಿನ್ನಿನ ಬಲ್ಬು ಒತ್ತಿ ತಿರುವಿದ ಕೈ ನಮ್ಮವು. ಧಾರವಾಡದಾಗ ಕಲ್ತದ್ದು ಇಲ್ಲೆ ಗ್ಯಾರೇಜಿನ್ಯಾಗ ಉಪಯೋಗಕ್ಕ ಬಂತು. ಹೊಸಾ ಬಲ್ಬು ತಗೋಮುಂದ ತುದಿಗಷ್ಟ ಅಲ್ಲದ ಸುತ್ತಲೂ ಚುಕ್ಕಿ ಇರೂದನ್ನ ಆರಿಸ್ರಿ. ಹಿಂದಿನ ಹೊಳಿಯೂ ಬಟ್ಟಲಕ್ಕ ಬಾಜೂದಿಂದ ಬೆಳಕು ಬಿದ್ರನ ಅದು ಮುಂದ ಹೋಗ್ತದ. ಎರಡು ಬಲ್ಬಿಗೆ ನಾ ಕೊಟ್ಟದ್ದು 14 ಡಾಲರ್, ಹಿಡದ ಹೊತ್ತು ಕಾಲು ತಾಸು. ಮ್ಯಾಲೆ ಉದ್ದನ್ನ ಎಲ್‌ಇಡಿ ಪಟ್ಟಿ ಕೂಡಸೋರು ಅದಕ್ಕ ಬ್ಯಾರೆ ಬಟನ್, ಬ್ಯಾರೆ ಫ್ಯೂಸ್ ಹಾಕ್ರಿ. ಬೆತ್ತಲೆ ತಂತಿ ಟೇಪು ಸುತ್ತಿ ಬಿಟ್ರ ಆ ನಡುಕಕ್ಕ ನಾಲ್ಕು ತಿಂಗಳೂ ಬಾಳೂದಿಲ್ಲ.

ಬಣ್ಣದ ಮಾತು ಸಣ್ಣ ಮಾತಲ್ಲ. ಅಂಗಡಿಯೊಳಗ ಎಲ್ಲಾರೂ ತಗೋಳೂದು 6000, 6500 ಕೆಲ್ವಿನ್ನಿನ ಬೆಳ್ಳನ್ನ, ನೀಲಿ ಛಾಯಾದ ದೀಪ. ನೋಡಿದ ಕೂಡ್ಲೆ ಭಾಳ ಪ್ರಖರ ಅನಸ್ತದ. ಬೆಳ್ಳನ್ನ ಎಲ್‌ಇಡಿ ಅಂದ್ರ ಒಳಗಿನ ಚುಕ್ಕಿ ಖರೇ ಅಂದ್ರ ನೀಲಿ, ಅದರ ಮ್ಯಾಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕ ಅಕಾಸಾಕಿ, ಅಮಾನೊ, ನಾಕಾಮುರಾ ಅನ್ನೂ ಮೂರು ಮಂದಿಗೆ 2014ರಾಗ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಹೆಚ್ಚಿದ್ದಷ್ಟು ಹುಳಾ ಹೆಚ್ಚು ಮುಕರ್ತಾವ, ಎದುರಿನವರ ಕಣ್ಣಿಗೂ ಚುಚ್ಚತದ. ಪುಣಾ-ಬೆಂಗಳೂರು ಹೈವೇದಾಗ ರಾತ್ರಿ ಎದುರಿನ ಗಾಡಿ ದೀಪಕ್ಕ ಕಣ್ಣು ಮುಚ್ಚಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 3000 ಕೆಲ್ವಿನ್ ಆಸುಪಾಸಿನ ಬೆಚ್ಚನ್ನ ಬಣ್ಣದ ಬಲ್ಬು ತಗೋರಿ, ಹುಲ್ಲಿಗೆ ಸಾಕು. ಹಾಕಿದ ಮ್ಯಾಲೆ ಗ್ಯಾರೇಜ್ ಬಾಗಲಾ ಎದುರಿಗೆ ಗಾಡಿ ನಿಲ್ಲಿಸಿ ಬೆಳಕು ಎಲ್ಲೆ ಬೀಳ್ತದ ನೋಡ್ರಿ. ದೀಪ ಇದ್ದ ಎತ್ತರಕ್ಕಿಂತ ಮ್ಯಾಲೆ ಹೋಗಿದ್ರ ಅದು ನಿಮ್ಮ ಹುಲ್ಲಿಗಲ್ಲ, ಬಾಜೂ ಮನಿಯವರ ಮಲಗೂ ಖೋಲಿ ಕಿಡಕಿಗೆ.

ಚಳಿಗಾಲದಾಗ ಗಾಡಿ ಮುಂದ ಹಿಮಾ ನೂಕೂ ಹಲಗಿ ಕಟ್ಟೋರಿಗೆ ಇನ್ನೊಂದು ಮಾತು. ಹಳೇ ಬಲ್ಬಿನ ಬಿಸಿಗೆ ಗಾಜಿನ ಮ್ಯಾಲಿನ ಹಿಮಾ ಕರಗ್ತಿತ್ತು. ಎಲ್‌ಇಡಿ ಮುಂದಿನ ಗಾಜು ಥಣ್ಣಗನ ಇರ್ತದ, ಹಿಮಾ ಕೂತ್ರ ಕೂತ ಇರ್ತದ. ಎಲ್‌ಇಡಿ ಹಾಕಿದ ಮ್ಯಾಲೆ ಇಲ್ಲಿ ರಸ್ತೆ ಸಿಗ್ನಲ್‌ಗಳಿಗೂ ಇದ ತ್ರಾಸು ಬಂತು. ಅದಕ್ಕ ಒಂದು ಒಣಾ ಅರಿವಿ ಜೊತಿಗೆ ಇಟ್ಟುಕೋರಿ.

ಇಲ್ಲಿತನಕ ದೀಪದ ಪರವಾಗಿ ಮಾತಾಡಿದೆ. ಇನ್ನ ನನಗ ಖರೇ ಹೇಳಬೇಕಾದದ್ದು.

ಹೊಸಾ ದೀಪ ಹಾಕಿದ ವಾರನ ನಮ್ಮನಿಯೊಳಗ ಒಂದು ಮಾತು ಬಂತು. "ಇನ್ನ ಆರಾಮ ಆತಲಾ, ಊಟ ಆದ ಮ್ಯಾಲೂ ಕತ್ತರಸಬಹುದು." ಹೇಳಿದವರು ಪ್ರೀತಿಯಿಂದನ ಹೇಳಿದ್ರು, ಬ್ಯಾಸರ ಇಲ್ಲ. ಆದ್ರ ಆ ಮಾತು ಕೇಳಿ ನಾನು ನಿಂತು ವಿಚಾರ ಮಾಡಿದೆ. ದೀಪ ತಂದದ್ದು ಇದ್ದ ಹೊತ್ತಿನ್ಯಾಗ ನೆಟ್ಟಗ ಕಾಣ್ಲಿ ಅಂತ, ಹೊತ್ತು ಇಲ್ಲದಲ್ಲೂ ದುಡೀಲಿ ಅಂತ ಅಲ್ಲ. ಮಷೀನು ಬಂದು ಹೆಂಗಸರ ಕೆಲಸ ಕಡಿಮಿ ಆಗೂದಿಲ್ಲ, ಬ್ಯಾರೆ ರೂಪದಾಗ ಹೆಚ್ಚಾಗ್ತದ ಅಂತ ರುತ್ ಶ್ವಾರ್ಟ್ಸ್ ಕೊವನ್ ಅನ್ನೂ ಇತಿಹಾಸಕಾರ್ತಿ 1983ರಾಗನ ಒಂದು ಪುಸ್ತಕ ಬರದಾರ. ಅದರ ಹೆಸರ "ಮೋರ್ ವರ್ಕ್ ಫಾರ್ ಮದರ್", ಅವ್ವಗ ಇನ್ನಷ್ಟು ಕೆಲಸ. ವಾಷಿಂಗ್ ಮಷೀನು ಬಂದ ಮ್ಯಾಲೆ ನಾವು ಕೂತ್ವೇನು? ವಾರಕ್ಕೊಮ್ಮೆ ಒಗೀತಿದ್ದ ಚಾದರ ಎರಡು ಸಲ ಒಗೀಲಿಕ್ಕೆ ಹತ್ತಿದ್ವಿ. ಹುಲ್ಲಿನ ಗಾಡಿ ದೀಪಾನೂ ಆ ಸಾಲಿಗೆ ಸೇರಬಾರದು.

ದಣಿವು ಒಂದ ಕಾರಣ ಆಗಿದ್ರ ನಾ ಇಷ್ಟು ಬರೀತಿದ್ದಿಲ್ಲ. ಆ ಗಾಡಿಯ ದೀಪ ಮುಂದ ಅಷ್ಟ ಅದ. ಬ್ಲೇಡು ಇರೂದು ಕೂತವರ ಕೆಳಗ, ಅಲ್ಲೆ ಕತ್ತಲಿ. ಹಿಂದ ಅಂತೂ ಪೂರಾ ಕತ್ತಲಿ. ಮುಂದ ದೀಪ ಹೆಚ್ಚು ಹೊಳದಷ್ಟು ನಮ್ಮ ಕಣ್ಣು ಆ ಬೆಳಕಿಗೆ ಹೊಂದಿಕೋತದ, ತಿರುಗಿ ನೋಡಿದ್ರ ಹಿಂದಿಂದು ಮೊದಲಿಗಿಂತ ಕಡಿಮಿ ಕಾಣ್ತದ. ಅಂದ್ರ ಛಲೋ ದೀಪನ ಹಿಂದಿನ ಕತ್ತಲಿ ಹೆಚ್ಚು ಮಾಡ್ತದ. ಎಂಜಿನ್ ಸಪ್ಪಳಕ್ಕ ಯಾರರ ಕೂಗಿದ್ರೂ ಕೇಳೂದಿಲ್ಲ. ಹುಡುಗ್ರು ಎಲ್ಲಿಂದ ಬರ್ತಾವ? ಮನಿ ಬಾಗಲದಿಂದ, ಹಿಂದಿನಿಂದ, "ಅವ್ವಾ, ಫೋನು" ಅಂತ ಓಡಿಕೋತ. ಆ ಬ್ಲೇಡಿನ ತುದಿ ಹತ್ರ ಹತ್ರ ಗಂಟೆಗೆ 200 ಮೈಲಿ ವೇಗದಾಗ ತಿರಗತದ. ಒಂದು ಸಣ್ಣ ಹಳ್ಳು ಸಿಕ್ರೂ ಗುಂಡಿನಂಗ ಹಾರಿ ಹೋಗ್ತದ.

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದ್ರ ಇಲ್ಲಿನ ಮಕ್ಕಳ ಡಾಕ್ಟರ ಸಂಘ, ಇದನ್ನ ಖಡಕ್ಕಾಗಿ ಹೇಳ್ತದ. 16 ವರ್ಷ ತುಂಬೂ ತನಕ ಈ ಗಾಡಿ ಓಡಸ್ಲಿಕ್ಕೆ ಕೊಡಬಾರದು, ಓಡಸೋರ ಜೊತಿಗೆ ಕೂಸನ್ನ ಎಂದೂ ಕೂಡಸಬಾರದು. ನಾವು ಎತ್ತಿನ ಬಂಡಿ, ಸ್ಕೂಟರಿನ ಮುಂದ ಕೂಸು ಕೂಡಿಸಿ ಬೆಳದವರು. "ಒಂದು ರೌಂಡು" ಅಂತ ಮೊಮ್ಮಗನ್ನ ತೊಡಿ ಮ್ಯಾಲೆ ಕೂಡಿಸ್ಕೊಳ್ಳೋ ಅಜ್ಜಂದಿರು ಇಲ್ಲೂ ಇದ್ದಾರ, ಅಲ್ಲೂ ಇದ್ದಾರ. ಊರಿಂದ ಬಂದ ಮಾವನವರಿಗೆ ಬ್ಯಾಡ ಅನ್ನೂದು ಸೊಸಿಗೆ ಸಸಾರ ಅಲ್ಲ. ಆದ್ರೂ ಅನ್ರಿ. ಮರ್ಯಾದಿ ಉಳಿಸಿ ಬ್ಯಾಡ ಅನ್ನೂದು ನಮಗ ಹೇಳಿಕೊಡಬೇಕೇನು?

ಮತ್ತ ಇಬ್ಬನಿ. ಹೊತ್ತು ಮುಳಗಿ ಸ್ವಲ್ಪ ಹೊತ್ತಿಗೆ ಹುಲ್ಲು ಹಸಿ ಆಗ್ತದ. ಹಸಿ ಹುಲ್ಲು ಡೆಕ್ಕಿನೊಳಗ ಗೊಜ್ಜಿನಂಗ ಮೆತ್ತಕೋತದ, ಇಳಜಾರಿನ್ಯಾಗ ಗಾಲಿ ಜಾರ್ತದ. ಗಾಲಿ ಜಾರಿದ ಗಾಡಿಗೆ ದೀಪ ಎಷ್ಟು ಛಲೋ ಇದ್ದು ಏನು ಬಂತು?

ಕಡೀ ಕಾರಣ ಹೇಳಿದ್ರ ನಮ್ಮನಿಯವರು ನಗ್ತಾರ. ನಕ್ರ ನಗ್ಲಿ. ಜೂನ್, ಜುಲೈ ತಿಂಗಳ ಸಂಜೀಗೆ ಈ ಹುಲ್ಲಿನ ತುಂಬಾ ಮಿಂಚುಹುಳ. ಮುಸ್ಸಂಜಿಗೆ ಗಂಡು ಹುಳ ನೆಲದಿಂದ ಸ್ವಲ್ಪ ಎತ್ತರದಾಗ ಹಾರಿಕೋತ ಮಿಣುಕ್ತಾವ. ಹೆಣ್ಣು ಹುಲ್ಲಿನ ಎಸಳಿನ ಮ್ಯಾಲೆ ಕೂತು, ಮನಸ್ಸಿಗೆ ಬಂದ್ರ, ತಿರುಗಿ ಮಿಣುಕಿ ಜವಾಬು ಕೊಡ್ತದ. ಅವುಗಳ ಮಾತು ಕತಿ ಎಲ್ಲಾ ಆ ಬೆಳಕಿನ್ಯಾಗ. ನಮ್ಮ ದೊಡ್ಡ ದೀಪ ಬಂದ್ರ ಅವಕ್ಕ ಒಂದಕ್ಕೊಂದು ಕಾಣೂದಿಲ್ಲ. ಹೆಣ್ಣು ಕೂತ ಎಸಳು ಬ್ಲೇಡಿಗೆ ಹೋಗ್ತದ. ಮಣ್ಣಿನೊಳಗ ಒಂದೆರಡು ವರ್ಷ ಮರಿ ಆಗಿ ಕಳದು, ಮ್ಯಾಲೆ ಬಂದು ಕೆಲವೇ ವಾರ ಬಾಳೂ ಜೀವ ಅದು. ಅದರ ಹೊತ್ತಿಗೆ ನಮ್ಮ ಹುಲ್ಲು ಒಂದು ದಿನ ಕಾಯ್ತದ.

ಹಂಗಾರ ದೀಪ ಯಾಕ ಬೇಕು ಅಂತೀರೇನು? ಗಿಡದ ನೆರಳಿನ್ಯಾಗ ಬಿದ್ದ ಟೊಂಗಿ, ನಾಯಿ ಬಿಟ್ಟ ಚೆಂಡು, ಮಕ್ಕಳ ಆಟಗಿ ಮೊದಲ ಕಾಣಬೇಕು. ಮೋಡ ಕವಿದ ಸಂಜೀಗೆ ರಸ್ತೆ ಬದಿಯ ಟಪಾಲ ಡಬ್ಬಿ ಸುತ್ತ ಕತ್ತರಸುಮುಂದ ಕಾರಿನವರಿಗೆ ನಾವು ಕಾಣಬೇಕು. ಕೆಲಸ ಮುಗಿಸಿ ಶೆಡ್ಡಿನ ತನಕ ಗಾಡಿ ನೆಟ್ಟಗ ಒಯ್ಯಬೇಕು. ಇಷ್ಟಕ್ಕ 14 ಡಾಲರಿನ ದೀಪ ಹೆಚ್ಚಿಂದಲ್ಲ.

ನಮ್ಮನಿಯೊಳಗ ಈಗ ಮೂರು ಕಟ್ಟಳಿ ಅವ. ಹೊತ್ತು ಮುಳಗೂ ಹೊತ್ತಿಗೆ ಬ್ಲೇಡು ಬಂದ್, ಅರ್ಧಾ ಉಳದ್ರ ಅರ್ಧಾ ಉಳೀಲಿ. ಗಾಡಿ ಹೊರಗಿದ್ದಾಗ ಹುಡುಗ್ರು ಒಳಗ. ಕರೀಬೇಕಂದ್ರ ಹೊರಗ ಬರಬ್ಯಾಡ್ರಿ, ಬಾಗಲಾ ದೀಪ ಎರಡು ಸಲ ಹಚ್ಚಿ ಆರಿಸ್ರಿ, ನಾ ಎಂಜಿನ್ ಬಂದ್ ಮಾಡಿ ನೋಡ್ತೀನಿ. ಮೂರನೇದು ಹಿಂದಕ್ಕ ಹೋಗೂದರ ಬಗ್ಗೆ. ಹೊಸಾ ಗಾಡಿಗಳಾಗ ಹಿಂದಕ್ಕ ಹೋಗುಮುಂದ ಬ್ಲೇಡು ತಾನ ನಿಲ್ಲೂ ಸೋಯಿ ಇರ್ತದ, ಅದನ್ನ ತಪ್ಪಸೂ ಕೀಲೀನೂ ಇರ್ತದ. ಆ ಕೀಲಿ ನಮ್ಮಲ್ಲೆ ಯಾರೂ ಮುಟ್ಟೂದಿಲ್ಲ.

ಅರ್ಧಾ ಕತ್ತರಿಸಿದ ಅಂಗಳ ನೋಡಿ ಬಾಜೂ ಮನಿಯವರು ಏನರ ಅಂದುಕೋತಾರ ಅನ್ನೂ ಅಂಜಿಕಿ ನಮ್ಮಂಥ ಹೆಂಗಸರಿಗೆ ಜಾಸ್ತಿ. ಮುಸುರಿ ಭಾಂಡೆ ಬಿಟ್ಟು ಮಲಗಬಾರದು ಅಂತ ಕಲ್ತ ಮನಸ್ಸು, ಅರ್ಧಾ ಬಿಟ್ಟ ಹುಲ್ಲು ಅದಕ್ಕ ಚುಚ್ಚತದ. ಆದ್ರ ಹುಲ್ಲು ಮುಸುರಿ ಅಲ್ಲ, ರಾತ್ರಿ ಹಳಸೂದಿಲ್ಲ. ದೀಪ ನೀವ ಹಾಕ್ರಿ, ಮಗಳ ಕೈಲೆ ಸ್ಕ್ರೂಡ್ರೈವರ್ ಕೊಟ್ಟು ಬಾಜೂಕ ನಿಲ್ಲಿಸ್ಕೊಂಡು ಹಾಕ್ರಿ. ಆ ಬಟನ್ ಯಾವಾಗ ಆರಸಬೇಕು ಅನ್ನೂದನ್ನೂ ಅಕಿಗೆ ಅವಾಗನ ಕಲಸ್ರಿ.